ತಣ್ಣಗಿನ ಬೇಸ್‌ಮೆಂಟಲ್ಲಿ ಒಂದು ಗ್ರೋ ಟೆಂಟ್: ಕಾವೆಲ್ಲ ಎಲ್ಲಿ ಹೋಗ್ತಿತ್ತು?

ಮೊದಲು ಪರಿಸ್ಥಿತಿ ಏನು ಅಂತ ಹೇಳ್ಬಿಡ್ತೀನಿ. ಮುಕ್ಕಾಲು ಭಾಗ ನೆಲದ ಒಳಗಿರೋ ಬೇಸ್‌ಮೆಂಟ್, ಕಾಂಕ್ರೀಟ್ ಗೋಡೆ, ಕಾಂಕ್ರೀಟ್ ನೆಲ, ಹೀಟಿಂಗ್ ಇಲ್ಲ, ಚಳಿಗಾಲದಲ್ಲಿ ಒಳಗೆ ಹೆಚ್ಚುಕಮ್ಮಿ 12 ಡಿಗ್ರಿ ಇರತ್ತೆ. ಅದರ ಒಂದು ಮೂಲೆಲಿ 4 ಅಡಿ ಅಗಲ 4 ಅಡಿ ಉದ್ದ ಆರೂವರೆ ಅಡಿ ಎತ್ತರದ ಗ್ರೋ ಟೆಂಟ್ (ಮನೆಯೊಳಗೇ ಲೈಟ್ ಹಾಕಿ ಗಿಡ ಬೆಳೆಸೋ ಬಟ್ಟೆ ಡೇರೆ), ಮೇಲೆ 240 ವ್ಯಾಟ್ ಎಲ್‌ಇಡಿ ಲೈಟ್, ಒಳಗಿನ ಗಾಳಿನ ಹೊರಗೆ ಎಳೆಯೋ 6 ಇಂಚಿನ ಇನ್‌ಲೈನ್ ಫ್ಯಾನ್, ಫ್ಯಾನಿನ ಡಕ್ಟ್ (ಗಾಳಿ ಕೊಳವೆ) ಕಿಟಕಿ ಮೂಲಕ ಹೊರಗೆ. ಬೆಳೆ ಅಂದ್ರೆ ಟೊಮ್ಯಾಟೊ, ಮೆಣಸಿನಗಿಡ, ಬೇಸಿಲ್, ಜೊತೆಗೆ ಒಂದೆರಡು ಕುಂಡ ಲೆಟಿಸ್. ಟೆಂಟ್ ನಮ್ಮ ಭಾವಂದು. ದಿನಕ್ಕೆ 16 ಗಂಟೆ ಲೈಟ್ ಉರಿತಿದ್ರೂ ಟೆಂಟ್ ಒಳಗೆ 13 ದಾಟ್ತಿರ್ಲಿಲ್ಲ, ಅಪ್ಪಿತಪ್ಪಿ 14. ಅವರು 1500 ವ್ಯಾಟಿನ ಫ್ಯಾನ್ ಹೀಟರ್ ಒಂದನ್ನ ತಂದು ಟೆಂಟ್ ಒಳಗೇ ಇಡೋ ಯೋಚನೆಲಿದ್ರು, ತಗೊಳೋ ಮುಂಚೆ ಒಂದ್ಸಲ ನೋಡು ಅಂತ ನನ್ನ ಕರೆದ್ರು.

ನಾನು ಹೇಳಿದ್ದು ಇಷ್ಟೇ, ಭಾವ, ಹೀಟರ್ ವಿಚಾರ ಕೊನೆಗೆ ಇಟ್ಕೊಳಿ, ಈಗ ಒಳಗೆ ಆಗ್ಲೇ 240 ವ್ಯಾಟಿನ ಹೀಟರ್ ಉರಿತಿದೆಯಲ್ಲ, ಅದರ ಕಾವು ಎಲ್ಲಿಗೆ ಹೋಗ್ತಿದೆ ಅಂತ ಮೊದಲು ಹುಡುಕೋಣ. ಯಾಕಂದ್ರೆ ಎಲ್‌ಇಡಿ ತಣ್ಣಗಿರತ್ತೆ ಅಂತ ಜನ ಹೇಳ್ತಾರೆ, ಅದು ಅರ್ಧ ಸತ್ಯ. ಹಳೇ ಸೋಡಿಯಂ ಲೈಟುಗಳು 600 ವ್ಯಾಟ್ ತಿಂತಿದ್ವು, ಅದಕ್ಕೇ ಆಗಿನ ಟೆಂಟುಗಳು ಬೆಚ್ಚಗಿರ್ತಿದ್ವು. ಆದ್ರೆ ವ್ಯಾಟಿಗೆ ವ್ಯಾಟ್ ಲೆಕ್ಕ ಹಾಕಿದ್ರೆ ಎಲ್‌ಇಡಿ ಎಳ್ಕೊಳೋ ಕರೆಂಟೂ ಬಹುತೇಕ ಪೂರ್ತಿ ಟೆಂಟ್ ಒಳಗೆ ಶಾಖ ಆಗೇ ಮುಗಿಯತ್ತೆ, ಬೆಳಕಾಗಿ ಹೊರಟಿದ್ದೂ ಎಲೆಗೋ ಗೋಡೆಗೋ ಬಡಿದು ಕಾವಾಗತ್ತೆ, ಗಿಡ ಸಕ್ಕರೆ ಮಾಡಿ ಕೂಡಿಟ್ಕೊಳೋದು ಅದ್ರಲ್ಲಿ ತೀರಾ ಸಣ್ಣ ಪಾಲು.

ಲೆಕ್ಕ ಹೀಗೆ. ಟೆಂಟಿನ ನಾಲ್ಕು ಗೋಡೆ ಮತ್ತು ಮೇಲ್ಛಾವಣಿ ಸೇರಿ ಸುಮಾರು 11 ಚದರ ಮೀಟರ್. ಟೆಂಟ್ ಬಟ್ಟೆಗೆ ದಪ್ಪಾನೇ ಇಲ್ಲ, ಶಾಖ ತಡೆಯೋದು ಅಂದ್ರೆ ಅದರ ಎರಡೂ ಕಡೆ ಅಂಟ್ಕೊಂಡಿರೋ ತೆಳು ಗಾಳಿ ಪದರ ಮತ್ತು ಒಳಗಿನ ಬೆಳ್ಳಿ ಬಣ್ಣದ ಲೇಪ ಅಷ್ಟೇ, ಹಾಗಾಗಿ ಪ್ರತಿ ಚದರ ಮೀಟರಿಂದ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ವ್ಯಾಟ್ ಹೋಗತ್ತೆ ಅಂತ ಇಟ್ಕೊಂಡೆ. ಅಂದ್ರೆ ಗೋಡೆ ಲೆಕ್ಕ ಡಿಗ್ರಿಗೆ 44 ವ್ಯಾಟ್. ಇನ್ನು ಫ್ಯಾನ್. ಗಂಟೆಗೆ ಒಂದು ಘನ ಮೀಟರ್ ಗಾಳಿ ಹೊರಗೆ ಹೋಗಿ ಅಷ್ಟೇ ತಣ್ಣನೆ ಗಾಳಿ ಒಳಗೆ ಬಂದ್ರೆ ಡಿಗ್ರಿಗೆ 0.34 ವ್ಯಾಟ್ ಹೋಗತ್ತೆ. ಭಾವನ ಫ್ಯಾನ್ ಮಧ್ಯದ ಸ್ಪೀಡಲ್ಲಿ ಏನಿಲ್ಲ ಅಂದ್ರೂ ಗಂಟೆಗೆ 300 ಘನ ಮೀಟರ್ ಎಳಿತಿತ್ತು, ಟೆಂಟಿನ ಒಳಗಿನ ಒಟ್ಟು ಗಾಳಿನೇ ಮೂರು ಘನ ಮೀಟರಿಗಿಂತ ಕಮ್ಮಿ, ಅಂದ್ರೆ ಗಂಟೆಗೆ ನೂರು ಸಲ ಗಾಳಿ ಪೂರ್ತಿ ಬದಲಾಗ್ತಿತ್ತು. 300 ಗುಣಿಸು 0.34, ಡಿಗ್ರಿಗೆ 102 ವ್ಯಾಟ್. ಎರಡೂ ಸೇರಿ 146. ಲೈಟಿಂದ ಬರೋ 240ನ್ನ 146ರಿಂದ ಭಾಗಿಸಿ ನೋಡಿ, ಒಂದೂವರೆ ಡಿಗ್ರಿ ಚಿಲ್ಲರೆ. ಬೇಸ್‌ಮೆಂಟ್ 12, ಟೆಂಟ್ ಹದಿಮೂರೂವರೆ. ಥರ್ಮಾಮೀಟರ್ ತೋರಿಸ್ತಿದ್ದಿದ್ದೂ ಅದನ್ನೇ.

ಅಂದ್ರೆ ಮೂರರಲ್ಲಿ ಎರಡು ಪಾಲು ಕಾವನ್ನ ಫ್ಯಾನ್ ಒಂದೇ ಹೊರಗೆ ಹಾಕ್ತಿತ್ತು. ಇದೇ ಸ್ಥಿತಿಲಿ 1500 ವ್ಯಾಟ್ ಹೀಟರ್ ಇಟ್ಟಿದ್ರೆ ಟೆಂಟ್ ಹತ್ತು ಡಿಗ್ರಿ ಏರ್ತಿತ್ತು ನಿಜ, ಆದ್ರೆ ಅದರಲ್ಲಿ ಸಾವಿರ ವ್ಯಾಟ್ ಕಿಟಕಿಯಿಂದ ಬೀದಿಗೆ, ಅದೂ ತಿಂಗಳುಗಟ್ಟಲೆ. ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದ ಹಾಗೆ.

ಡಕ್ಟ್ ಹೊರಗೆ ಬಿಟ್ಟಿದ್ದು ಇನ್ನೊಂದು ತೊಂದರೆ, ನನ್ನ ಪ್ರಕಾರ ಇದೇ ಮುಖ್ಯವಾದ್ದು. ಗಂಟೆಗೆ 300 ಘನ ಮೀಟರ್ ಗಾಳಿ ಮನೆಯಿಂದ ಹೊರಗೆ ಹೋದ್ರೆ ಅಷ್ಟೇ ಗಾಳಿ ಎಲ್ಲಿಂದಾದ್ರೂ ಒಳಗೆ ಬರ್ಲೇಬೇಕಲ್ಲ, ಅದು ಬರೋದು ಕಿಟಕಿ ಸಂದಿಯಿಂದ, ಬಾಗಿಲ ಕೆಳಗಿಂದ, ಕಾಂಕ್ರೀಟ್ ಗೋಡೆ ಮೇಲೆ ಮರದ ಚೌಕಟ್ಟು ಕೂರೋ ಜಾಗದ ಬಿರುಕಿಂದ, ಹೊರಗಿನ ಚಳಿ ಗಾಳಿನೇ ಬರೋದು. ಬೇಸ್‌ಮೆಂಟ್ ಅಷ್ಟು ತಣ್ಣಗಿರೋದಕ್ಕೆ ಈ ಟೆಂಟೂ ಒಂದು ಕಾರಣ. ಇದು ಬರೀ ಕಾವಿನ ವಿಷಯ ಅಲ್ಲ, ಬೇಸ್‌ಮೆಂಟಲ್ಲಿ ಗ್ಯಾಸ್ ಬಾಯ್ಲರ್ರೋ ಗ್ಯಾಸ್ ವಾಟರ್ ಹೀಟರ್ರೋ ಇದ್ದು, ಅದರ ಹೊಗೆ ಕೊಳವೆ ತಾನಾಗೇ ಮೇಲಕ್ಕೆ ಎಳ್ಕೊಳೋ ಥರದ್ದಾಗಿದ್ರೆ, ದೊಡ್ಡ ಫ್ಯಾನ್ ಮನೆ ಗಾಳಿನ ಹೊರಗೆ ಎಳೀತಾ ಇದ್ದಾಗ ಆ ಹೊಗೆ ಉಲ್ಟಾ ರೂಮೊಳಗೆ ಬರೋ ಅಪಾಯ ಇದೆ. ಆ ಹೊಗೆಲಿರೋ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಭಾವನ ಮನೇಲಿ ಬಾಯ್ಲರ್ ಬೇಸ್‌ಮೆಂಟಲ್ಲೇ ಇತ್ತು. ಅವತ್ತೇ ಡಕ್ಟ್ ಕಿಟಕಿಯಿಂದ ತೆಗ್ಸಿದೆ, ಕಿಟಕಿ ಮುಚ್ಚಿ ಸಂದಿಗೆ ಟೇಪ್ ಹಾಕಿದ್ವಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ತಂದು ಹಾಕಿ ಅಂತ ಹೇಳಿದೆ, ಹಾಕಿದ್ರು. ನಿಮ್ಮ ಹತ್ರ ಇಂಥ ಸೆಟಪ್ ಇದ್ರೆ ಬೇರೆ ಏನು ಮಾಡ್ದೇ ಇದ್ರೂ ಪರ್ವಾಗಿಲ್ಲ, ಇದೊಂದು ಮಾಡಿ.

ಆಮೇಲೆ ಫ್ಯಾನ್ ಸ್ಪೀಡ್. ಪೂರ್ತಿ ಆಫ್ ಮಾಡ್ಬಿಡೋಣ್ವಾ ಅಂತ ಭಾವ ಕೇಳಿದ್ರು. ಬೇಡ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಕು, ಮೂರು ಘನ ಮೀಟರ್ ಗಾಳಿಲಿ ಇರೋದು ಎರಡು ಗ್ರಾಂ ಚಿಲ್ಲರೆ, ಟೆಂಟ್ ತುಂಬಾ ಎಲೆ ಇದ್ದು ಲೈಟ್ ಜೋರಾಗಿದ್ರೆ ಒಂದು ಗಂಟೆ ಒಳಗೇ ಅದನ್ನ ಮುಗಿಸೋ ಶಕ್ತಿ ಗಿಡಕ್ಕಿದೆ, ಆಮೇಲೆ ಲೈಟ್ ಉರಿದೂ ಪ್ರಯೋಜನ ಇಲ್ಲ. ತೇವಾಂಶನೂ ಹೊರಗೆ ಹೋಗ್ಬೇಕು. ಆದ್ರೆ ಇದಕ್ಕೆಲ್ಲ ಗಂಟೆಗೆ 300 ಬೇಡ, 40 ಘನ ಮೀಟರ್ ಧಾರಾಳ ಸಾಕು, ಅಷ್ಟರಲ್ಲೂ ಗಂಟೆಗೆ 14 ಸಲ ಗಾಳಿ ಬದಲಾಗತ್ತೆ. ಗಂಟೆಗೆ ಇಷ್ಟು ಸಲ ಗಾಳಿ ಬದಲಾಗ್ಬೇಕು ಅಂತ ಎಲ್ಲ ಕಡೆ ಓಡಾಡೋ ಆ ದೊಡ್ಡ ಲೆಕ್ಕ ಬೇಸಿಗೆಲಿ ಟೆಂಟ್ ತಣ್ಣಗಿಡೋದಕ್ಕೆ ಹುಟ್ಟಿದ್ದು, ತಣ್ಣನೆ ಬೇಸ್‌ಮೆಂಟಿಗೆ ಅದು ಲಾಗೂ ಆಗಲ್ಲ. 6 ಇಂಚಿನ ಫ್ಯಾನಲ್ಲಿ ಅಷ್ಟು ಕಮ್ಮಿ ಸ್ಪೀಡ್ ಬರ್ಲಿಲ್ಲ ಅಂದ್ರೆ 4 ಇಂಚಿಂದು ಹಾಕ್ಬಹುದು, ಇಲ್ಲ ಟೈಮರ್ ಇಟ್ಟು ಹದಿನೈದು ನಿಮಿಷಕ್ಕೆ ಒಂದೆರಡು ನಿಮಿಷ ಓಡಿಸ್ಬಹುದು. ಭಾವನ ಫ್ಯಾನಿಗೆ ಹತ್ತು ಸ್ಟೆಪ್ಪಿನ ಕಂಟ್ರೋಲರ್ ಇತ್ತು, ಒಂದನೇ ಸ್ಟೆಪ್ಪಿಗೆ ಇಟ್ಟು, ಗಾಳಿ ಇನ್ನೂ ಜಾಸ್ತಿ ಅನ್ಸಿ, ಗಾಳಿ ಒಳಗೆ ಬರೋ ಕೆಳಗಿನ ಫ್ಲಾಪುಗಳಲ್ಲಿ (ಕಿಂಡಿಗಳಲ್ಲಿ) ಒಂದನ್ನ ಬಿಟ್ಟು ಉಳಿದಿದ್ದು ಮುಚ್ಚಿದ್ವಿ. ಲೆಕ್ಕದಲ್ಲಿ ಫ್ಯಾನಿನ ಪಾಲು 102ರಿಂದ 14ಕ್ಕೆ ಇಳೀತು, ಒಂದು ರೂಪಾಯಿ ಖರ್ಚಿಲ್ದೆ ಒಂದೂವರೆ ಡಿಗ್ರಿ ಇದ್ದ ವ್ಯತ್ಯಾಸ ನಾಲ್ಕಾಯ್ತು. ಒಳಗೆ ಗಾಳಿ ಕದಡೋ ಸಣ್ಣ ಕ್ಲಿಪ್ ಫ್ಯಾನ್ ಮಾತ್ರ ಯಾವಾಗ್ಲೂ ಓಡ್ಬೇಕು, ಇಲ್ದಿದ್ರೆ ಬಿಸಿಯೆಲ್ಲ ಮೇಲೆ ಕೂತ್ಕೊಂಡು ಕೆಳಗೆ ಕುಂಡದ ಹತ್ರ ತಣ್ಣಗೇ ಇರತ್ತೆ.

ಇಲ್ಲೇ ಥರ್ಮಾಮೀಟರ್ ವಿಷಯ ಒಂದು ಮಾತು. ಅವರ ಸೆನ್ಸರ್ ಲೈಟಿನ ಪಕ್ಕದಲ್ಲಿ ನೇತಾಡ್ತಿತ್ತು. ಬೆಳಕು ನೇರ ಬಿದ್ದ ಸೆನ್ಸರ್ ಗಾಳಿಗಿಂತ ಜಾಸ್ತಿ ತೋರಿಸತ್ತೆ, ಅದರ ಮಾತು ನಂಬಿದ್ರೆ ಬೇರಿನ ಹತ್ರ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ. ಒಂದು ಸೆನ್ಸರ್ ಗಿಡದ ತಲೆ ಮಟ್ಟದಲ್ಲಿ ನೆರಳಲ್ಲಿ, ಇನ್ನೊಂದು ಕುಂಡದ ಮಣ್ಣೊಳಗೆ, ಎರಡೂ ಕನಿಷ್ಠ ಗರಿಷ್ಠ ನೆನಪಿಟ್ಕೊಳೋ ಥರದ್ದು. ಮಣ್ಣಿನ ಸೆನ್ಸರ್ ಹಾಕಿದ್ಮೇಲೆ ಗೊತ್ತಾಗಿದ್ದು ಮಣ್ಣು 11 ಡಿಗ್ರಿ ಇದೆ ಅಂತ, ಟೆಂಟ್ ಗಾಳಿಗಿಂತ ತಣ್ಣಗೆ. ಕುಂಡಗಳು ನೇರ ನೆಲದ ಮೇಲೆ, ಟೆಂಟಿನ ತೆಳು ತಟ್ಟೆ ಬಿಟ್ರೆ ಕೆಳಗೆ ಬರೀ ಕಾಂಕ್ರೀಟ್.

ಗಿಡಗಳು ಇದನ್ನ ಆಗ್ಲೇ ಹೇಳ್ತಿದ್ವು. ಟೊಮ್ಯಾಟೊ ಎಲೆಯ ಅಡಿಭಾಗ, ನರ, ಕಾಂಡ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ರಂಜಕ ಕಮ್ಮಿ ಆಗಿದೆ ಅಂತ ಭಾವ ಗೊಬ್ಬರ ಹಾಕ್ತಾ ಬಂದಿದ್ರು. ರಂಜಕ ಮಣ್ಣಲ್ಲಿ ಇರತ್ತೆ, ಬೇರು ತಣ್ಣಗಿದ್ದಾಗ ಅದನ್ನ ಎಳ್ಕೊಳಕ್ಕಾಗಲ್ಲ ಅಷ್ಟೇ, ಮಣ್ಣು 18 ದಾಟಿದ್ರೆ ತಾನಾಗೇ ಸರಿಹೋಗತ್ತೆ. ಅದ್ರ ಮೇಲೆ ಇನ್ನೂ ಗೊಬ್ಬರ ಸುರಿದ್ರೆ ಮಣ್ಣಲ್ಲಿ ಉಪ್ಪು ಕೂಡ್ಕೊಳತ್ತೆ. ತಣ್ಣಗಿನ ಗಿಡ ನೀರೂ ಕಮ್ಮಿ ಕುಡಿಯತ್ತೆ, ಹಾಗಾಗಿ ಕುಂಡ ವಾರಗಟ್ಟಲೆ ಒದ್ದೆ, ಆ ಒದ್ದೆಗೆ ಸಣ್ಣ ಕಪ್ಪು ನೊಣಗಳು, ಎಲೆ ಜೋಲು ಬಿದ್ದಿದೆ ಅಂತ ಮತ್ತೆ ನೀರು, ಬೇರು ಕೊಳೆಯೋ ದಾರಿಗೆ ಇನ್ನೇನು ಬೇಕು. ಮೆಣಸಿನ ಬೀಜ ಅಂತೂ ಮೊಳಕೆನೇ ಒಡೆದಿರ್ಲಿಲ್ಲ, ಅದಕ್ಕೆ ಮಣ್ಣು 25ರಿಂದ 30 ಇದ್ರೆ ಖುಷಿ, 15ರ ಕೆಳಗೆ ಹೆಚ್ಚಿನವು ಹಾಗೇ ಕೊಳೆತು ಹೋಗತ್ವೆ. ಬೇಸಿಲ್ ಎಲೆ ಮೇಲೆ ಕಪ್ಪು ಕಲೆ, ಅದು ಅಷ್ಟು ಚಳಿ ತಡ್ಕೊಳೋ ಗಿಡಾನೇ ಅಲ್ಲ.

ನೆಲಕ್ಕೆ ಮಾಡಿದ್ದು ಸುಲಭದ ಕೆಲಸ, ಟೆಂಟನ್ನ ಎತ್ತಿ ಅಡಿಗೆ 25 ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್ ಬೋರ್ಡ್, ಅದರ ಮೇಲೆ ಪ್ಲೈವುಡ್ ಹಾಸಿದ್ವಿ, ಒಳಗೆ ಕುಂಡಗಳನ್ನ ಕಂಬಿ ಸ್ಟ್ಯಾಂಡ್ ಮೇಲೆ ಒಂದು ಗೇಣು ಎತ್ತರಕ್ಕೆ ಇಟ್ವಿ. ಬೀಜದ ಟ್ರೇ ಅಡಿಗೆ 20 ವ್ಯಾಟಿನ ಹೀಟ್ ಮ್ಯಾಟ್, ಅದಕ್ಕೆ ತನ್ನದೇ ಥರ್ಮೋಸ್ಟ್ಯಾಟ್ (ಸೆಟ್ ಮಾಡಿದ ಡಿಗ್ರಿ ನೋಡಿ ತಾನೇ ಆನ್ ಆಫ್ ಮಾಡೋದು), ಸೆನ್ಸರ್ ಕಡ್ಡಿ ಮಣ್ಣೊಳಗೆ ಚುಚ್ಚಿದ್ದು, 26ಕ್ಕೆ ಸೆಟ್. ಥರ್ಮೋಸ್ಟ್ಯಾಟ್ ಇಲ್ದೆ ಮ್ಯಾಟ್ ಬಳಸ್ಬೇಡಿ, ಮೇಲೆ ಮುಚ್ಚಳ ಹಾಕಿದ ಸಣ್ಣ ಟ್ರೇ ಬೇಗ ಕಾದು ಬೀಜ ಬೆಂದೇ ಹೋಗ್ಬಹುದು. ಮೊಳಕೆ ಬಂದ್ಮೇಲೆ ಮ್ಯಾಟ್ ಸೆಟ್ಟಿಂಗ್ 20-21ಕ್ಕೆ ಇಳಿಸ್ಬೇಕು. ಹಾಕೋ ನೀರೂ ಅಷ್ಟೇ, ಚಳಿಗಾಲದಲ್ಲಿ ನಲ್ಲಿ ನೀರು ಐದಾರು ಡಿಗ್ರಿ ಇರ್ಬಹುದು, ಅದನ್ನ ನೇರ ಬೇರಿಗೆ ಸುರಿದ್ರೆ ಅಷ್ಟೊತ್ತು ಕಾಯಿಸಿದ್ದೆಲ್ಲ ವ್ಯರ್ಥ, ಮುಚ್ಚಳ ಇರೋ ಕ್ಯಾನಲ್ಲಿ ಹಿಂದಿನ ದಿನವೇ ತುಂಬಿಸಿ ಟೆಂಟ್ ಒಳಗೇ ಇಟ್ಟಿರಿ.

ಗೋಡೆಗೂ ಅದೇ ಫೋಮ್ ಬೋರ್ಡ್. ಹೊರಗಡೆಯಿಂದ ಮೂರು ಬದಿ ಮತ್ತು ಮೇಲ್ಗಡೆ ಬೋರ್ಡ್ ನಿಲ್ಸಿ ಬೆಲ್ಟ್ ಕಟ್ಟಿದ್ವಿ, ಜಿಪ್ ಇರೋ ಮುಂಭಾಗಕ್ಕೆ ದಪ್ಪ ಕಂಬಳಿ ಪರದೆ ಥರ. 25 ಮಿಲಿಮೀಟರ್ ಬೋರ್ಡ್ ಬಂದ್ರೆ ಆ ಗೋಡೆಯಿಂದ ಹೋಗೋ ಶಾಖ ಕಾಲು ಭಾಗಕ್ಕೆ ಇಳಿಯತ್ತೆ, ಮೂಲೆ ಸಂದಿ ಎಲ್ಲ ಸೇರಿಸಿ ನಾನು 44ರ ಬದಲು 15 ಅಂತ ಹಿಡಿದೆ. ಫೋಮ್ ಬೋರ್ಡ್ ಹತ್ಕೊಂಡ್ರೆ ಚೆನ್ನಾಗೇ ಉರಿಯತ್ತೆ, ಹಾಗಾಗಿ ಟೆಂಟ್ ಒಳಗೆ ಯಾವ ಕಾರಣಕ್ಕೂ ಹಾಕ್ಬೇಡಿ, ಹೊರಗಡೆನೂ ಹೀಟರ್, ಪವರ್ ಅಡಾಪ್ಟರ್ ಇವುಗಳಿಂದ ದೂರ ಇರ್ಲಿ. ಈಗ ಫ್ಯಾನ್ ಗೋಡೆ ಸೇರಿ ಡಿಗ್ರಿಗೆ 29 ವ್ಯಾಟ್, 240 ಭಾಗಿಸು 29, ಎಂಟು ಡಿಗ್ರಿ. ಕಾಗದದ ಮೇಲೆ 12 ಇದ್ದಿದ್ದು 20 ಆಗ್ಬೇಕು.

ಆಗ್ಲಿಲ್ಲ. 17ರ ಹತ್ರ ನಿಂತ್ಬಿಡ್ತು.

ಇಲ್ಲೇ ಈ ಕೇಸಿನ ಸ್ವಾರಸ್ಯ ಇರೋದು, ಮತ್ತು ಇದನ್ನ ಹೇಳೋರು ಕಮ್ಮಿ. ಉಳಿದ ಕಾವು ನೀರಲ್ಲಿತ್ತು. ಒಂದು ಲೀಟರ್ ನೀರು ಆವಿ ಆಗ್ಬೇಕು ಅಂದ್ರೆ ಸುಮಾರು 0.68 ಯೂನಿಟ್ ಶಾಖ ಬೇಕು, ಎಲೆಯಿಂದ ಆವಿ ಆದ್ರೂ ಅಷ್ಟೇ, ಒದ್ದೆ ಮಣ್ಣಿಂದ ಆದ್ರೂ ಅಷ್ಟೇ. ಟೆಂಟಲ್ಲಿ ದಿನಕ್ಕೆ ಎರಡು ಲೀಟರ್ ನೀರು ಹೀಗೆ ಗಾಳಿಗೆ ಸೇರ್ತಿತ್ತು, ಹಾಕೋ ನೀರಿನ ಲೆಕ್ಕ ಇಟ್ಟಿದ್ರಿಂದ ಇದು ಗೊತ್ತಾಯ್ತು, ಗಿಡ ತನ್ನ ಮೈಯಲ್ಲಿ ಉಳಿಸ್ಕೊಳೋ ನೀರು ತುಂಬಾ ಕಮ್ಮಿ, ಹಾಕಿದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ಆವಿನೇ. ಎರಡು ಲೀಟರಿಗೆ 1.36 ಯೂನಿಟ್. ಲೈಟು 16 ಗಂಟೆಲಿ ಕೊಡೋದು 3.84 ಯೂನಿಟ್. ಅಂದ್ರೆ ಲೈಟಿನ ಕಾವಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗಾಳಿ ಬಿಸಿ ಮಾಡೋ ಬದಲು ನೀರನ್ನ ಆವಿ ಮಾಡಕ್ಕೆ ಹೋಗ್ತಿತ್ತು, ಆ ಆವಿ ಫ್ಯಾನಲ್ಲಿ ಹೊರಗೆ. ಗಿಡ ದೊಡ್ಡದಾದಷ್ಟೂ ಇದು ಜಾಸ್ತಿ. ತುಂಬಿದ ಟೆಂಟ್ ಖಾಲಿ ಟೆಂಟಿಗಿಂತ ತಣ್ಣಗಿರೋದು ಇದಕ್ಕೇ.

ಗಿಡ ಆವಿ ಬಿಡೋದನ್ನ ನಿಲ್ಸಕ್ಕಾಗಲ್ಲ, ನಿಲ್ಸಲೂಬಾರ್ದು. ಆದ್ರೆ ಆ ಕಾವನ್ನ ವಾಪಸ್ ತಗೋಬಹುದು. ಆವಿ ಮತ್ತೆ ನೀರಾದ್ರೆ ಅದೇ 0.68 ಯೂನಿಟ್ ವಾಪಸ್ ಬರತ್ತೆ, ಅದನ್ನ ಮಾಡೋ ಯಂತ್ರಕ್ಕೆ ಡಿಹ್ಯುಮಿಡಿಫೈಯರ್ ಅಂತಾರೆ. ಅದು ತಿನ್ನೋ ಕರೆಂಟೂ ಕಾವಾಗೇ ಬರತ್ತೆ, ಹಿಡಿದ ನೀರಿನ ಕಾವೂ ಜೊತೆಗೆ ಬರತ್ತೆ. ಅಂದ್ರೆ ಬರೀ ಹೀಟರಿಗೆ ಒಂದು ಯೂನಿಟ್ ಹಾಕಿದ್ರೆ ಒಂದೇ ಯೂನಿಟ್ ಕಾವು, ಇದಕ್ಕೆ ಹಾಕಿದ್ರೆ ಅದಕ್ಕಿಂತ ಜಾಸ್ತಿ, ಜೊತೆಗೆ ಗಾಳಿ ಒಣಗಿರತ್ತೆ. ಡಕ್ಟ್ ಒಳಗೆ ತಿರುಗಿಸಿದ ಮೇಲೆ ಬೇಸ್‌ಮೆಂಟಿಗೆ ಇದು ಹೇಗೂ ಬೇಕೇ ಬೇಕಿತ್ತು, ಟೆಂಟಿನ ತೇವ ಎಲ್ಲ ಈಗ ರೂಮಲ್ಲೇ ಉಳಿಯತ್ತಲ್ಲ, ಬಿಟ್ರೆ ಗೋಡೆ ಬೂಷ್ಟು ಹಿಡಿಯತ್ತೆ.

ಆದ್ರೆ ಯಾವ ಡಿಹ್ಯುಮಿಡಿಫೈಯರ್ ಅನ್ನೋದು ನೋಡ್ಕೊಂಡು ತಗೋಬೇಕು. ಸಾಮಾನ್ಯವಾಗಿ ಸಿಗೋದು ಕಂಪ್ರೆಸರ್ ಇರೋದು, ಫ್ರಿಜ್ ಥರ ತಣ್ಣನೆ ಕಾಯಿಲ್ ಮೇಲೆ ನೀರು ಹಿಡಿಯೋದು, ರೂಮ್ 15ಕ್ಕಿಂತ ತಣ್ಣಗಿದ್ರೆ ಅಂಥ ಬಹಳಷ್ಟು ಯಂತ್ರಗಳ ಕಾಯಿಲ್ ಮೇಲೆ ಐಸ್ ಕಟ್ಟತ್ತೆ, ಅರ್ಧ ಹೊತ್ತು ಐಸ್ ಕರಗಿಸೋದ್ರಲ್ಲೇ ಕಳೆಯತ್ತೆ. ತಣ್ಣನೆ ಜಾಗಕ್ಕೆ ಡೆಸಿಕ್ಯಾಂಟ್ ಥರದ್ದು ಸರಿ, ಒಳಗೆ ತೇವ ಹೀರೋ ಚಕ್ರ ಒಂದು ತಿರುಗತ್ತೆ, ಸಣ್ಣ ಹೀಟರ್ ಅದನ್ನ ಒಣಗಿಸತ್ತೆ, ಐಸ್ ಪ್ರಶ್ನೆನೇ ಇಲ್ಲ, ಹೊರಗೆ ಬರೋ ಗಾಳಿ ಬೆಚ್ಚಗಿರತ್ತೆ. ಕರೆಂಟ್ ಜಾಸ್ತಿ ತಿನ್ನತ್ತೆ ಅಂತ ಅದನ್ನ ಬೈತಾರೆ, ಇಲ್ಲಿ ನಮಗೆ ಕಾವೂ ಬೇಕಿರೋದ್ರಿಂದ ಆ ದೂರು ಅನ್ವಯ ಆಗಲ್ಲ. ಭಾವ ಫ್ಯಾನ್ ಹೀಟರ್ ಬಿಟ್ಟು ಇದನ್ನ ತಗೊಂಡ್ರು.

ಇಟ್ಟಿದ್ದು ಟೆಂಟ್ ಒಳಗಲ್ಲ, ಹೊರಗೆ. ಇಡೀ ಬೇಸ್‌ಮೆಂಟ್ ಕಾಯಿಸಕ್ಕೆ ಹೋದ್ರೆ ಮುಗಿಯದ ಕೆಲಸ, ಕಾಂಕ್ರೀಟ್ ಎಷ್ಟು ಕೊಟ್ರೂ ಕುಡಿತಾನೇ ಇರತ್ತೆ, ಅದಕ್ಕೆ ಟೆಂಟ್ ಇರೋ ಮೂಲೆಗೆ ಛಾವಣಿಯಿಂದ ನೆಲದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಎರಡು ಮೀಟರಿಗೆ ಮೂರು ಮೀಟರಿನ ಸಣ್ಣ ಕೋಣೆ ಮಾಡಿದ್ವಿ, ಬಾಯ್ಲರ್ ಆ ಕೋಣೆಯಿಂದ ಪೂರ್ತಿ ಹೊರಗೆ ಉಳಿಯೋ ಹಾಗೆ. ಟೆಂಟಿನ ಫ್ಯಾನ್ ಗಾಳಿ ಈ ಕೋಣೆಗೆ ಬರತ್ತೆ, ಡಿಹ್ಯುಮಿಡಿಫೈಯರ್ ಅದರ ನೀರು ಹಿಡಿಯತ್ತೆ, ಒಣಗಿದ ಬೆಚ್ಚನೆ ಗಾಳಿ ಕೆಳಗಿನ ಫ್ಲಾಪಿಂದ ಮತ್ತೆ ಟೆಂಟಿಗೆ. ಪ್ಲಾಸ್ಟಿಕ್ ಗಾಳಿ ಬಿಗಿಯಾಗಿ ಕೂತಿಲ್ಲ, ಮೇಲೆ ಕೆಳಗೆ ಸ್ವಲ್ಪ ಸಂದಿ ಇದೆ, ಅಷ್ಟು ಇರ್ಲಿ ಅಂತಾನೇ ಬಿಟ್ಟಿದ್ದು, ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬರ್ಬೇಕಲ್ಲ. ಕೋಣೆ 15-16ಕ್ಕೆ ಬಂದು ನಿಲ್ತು, ಟೆಂಟ್ ಲೈಟ್ ಇದ್ದಾಗ 21-22.

ಈಗ ಲೈಟ್ ಆರಿದ ಮೇಲಿನ ಹೊತ್ತು. ಚಳಿಗಿಂತ ನನಗೆ ಭಯ ಇದ್ದಿದ್ದು ಈ ಹೊತ್ತಿನ ತೇವದ್ದು. 20 ಡಿಗ್ರಿಲಿ ಗಾಳಿ ಒಂದು ಘನ ಮೀಟರಿಗೆ 17 ಗ್ರಾಂ ನೀರು ಹಿಡ್ಕೊಳತ್ತೆ, 13ರಲ್ಲಿ 11 ಗ್ರಾಂ ಅಷ್ಟೇ. ಲೈಟ್ ಇದ್ದಾಗ 20 ಡಿಗ್ರಿ, 65 ಪರ್ಸೆಂಟ್ ಹ್ಯುಮಿಡಿಟಿ, ನೋಡಕ್ಕೆ ಚೆನ್ನಾಗೇ ಇರತ್ತೆ, ಅದೇ ಗಾಳಿ ಲೈಟ್ ಆರಿ 13ಕ್ಕೆ ಇಳಿದ್ರೆ 100 ಪರ್ಸೆಂಟ್, ಗೋಡೆ ಮೇಲೆ ಎಲೆ ಮೇಲೆ ಹನಿ ಕಟ್ಟತ್ತೆ. ಭಾವನ ಟೆಂಟಲ್ಲಿ ಬೆಳಿಗ್ಗೆ ಜಿಪ್ ತೆಗೆದ್ರೆ ಒಳಗೋಡೆಲಿ ನೀರು ಇಳಿತಿತ್ತು, ಒಂದೆರಡು ಟೊಮ್ಯಾಟೊ ಕಾಂಡದಲ್ಲಿ ಬೂದು ಬೂಷ್ಟು ಶುರು ಆಗಿತ್ತು. ಗಿಡ 13 ಡಿಗ್ರಿ ಚಳಿನ ಸಹಿಸ್ಕೊಂಡು ನಿಧಾನಕ್ಕೆ ಬೆಳೆಯತ್ತೆ, ಒದ್ದೆ ಎಲೆ ಮೇಲಿನ ಬೂದು ಬೂಷ್ಟನ್ನ ಸಹಿಸ್ಕೊಳಲ್ಲ. ಹಗಲು ರಾತ್ರಿ ನಡುವೆ ವ್ಯತ್ಯಾಸ ನಾಲ್ಕೈದು ಡಿಗ್ರಿ ಒಳಗೇ ಇರ್ಬೇಕು ಅಂತ ನಾನು ಹಠ ಹಿಡಿದಿದ್ದು ಇದಕ್ಕೇ.

ಅದಕ್ಕೆ ಮೊದಲ ಉಪಾಯ ಟೈಮರ್. ಗಿಡದ ರಾತ್ರಿ ನಮ್ಮ ರಾತ್ರಿನೇ ಆಗ್ಬೇಕು ಅಂತೇನಿಲ್ಲ. ಲೈಟ್ ಸಂಜೆ 6ಕ್ಕೆ ಹತ್ತಿ ಬೆಳಿಗ್ಗೆ 10ಕ್ಕೆ ಆರೋ ಹಾಗೆ ತಿರುಗಿಸಿದ್ವಿ, ಬೆಳಗಿನ ಜಾವದ ಕೆಟ್ಟ ಚಳಿ ಹೊತ್ತಲ್ಲಿ ಲೈಟ್ ಕಾವು ಕೊಡತ್ತೆ, ಹಗಲಲ್ಲಿ ಕತ್ತಲೆ. ಡಿಹ್ಯುಮಿಡಿಫೈಯರ್‌ನ ಹೆಚ್ಚಾಗಿ ಆ ಎಂಟು ಗಂಟೆ ಕತ್ತಲಲ್ಲಿ ಓಡೋ ಹಾಗೆ ಇಟ್ವಿ, ಬೇಕಿರೋ ಹೊತ್ತಿಗೇ ಅದರ ಕಾವು ಸಿಗತ್ತೆ. ಫ್ಯಾನ್ ಆಗ ಟೈಮರಲ್ಲಿ ಆಗಾಗ ಮಾತ್ರ. ನೀರಿನ ಕ್ಯಾನುಗಳು ಕೂಡ ಸ್ವಲ್ಪ ಸಹಾಯ ಮಾಡ್ತವೆ, 60 ಲೀಟರ್ ನೀರು ಐದು ಡಿಗ್ರಿ ಇಳಿದ್ರೆ ಎಂಟು ಗಂಟೆಗೆ ಸರಾಸರಿ 40 ವ್ಯಾಟಿಗಿಂತ ಚೂರು ಜಾಸ್ತಿ ಕೊಟ್ಟ ಹಾಗೆ, ದೊಡ್ಡದೇನಲ್ಲ ಆದ್ರೆ ಪುಕ್ಕಟೆ, ಮುಚ್ಚಳ ಮಾತ್ರ ಇರ್ಲೇಬೇಕು, ತೆರೆದಿಟ್ರೆ ಆವಿಯಾಗಿ ಉಲ್ಟಾ ಹೊಡೆಯತ್ತೆ.

ಇಷ್ಟಾದ ಮೇಲೂ ಹೊರಗೆ ವಿಪರೀತ ಚಳಿ ಬಿದ್ದ ದಿನ ಕತ್ತಲ ಹೊತ್ತಲ್ಲಿ ಟೆಂಟ್ 15ಕ್ಕೆ ಇಳಿತಿತ್ತು. ಆಗ ಬಂತು ಹೀಟರ್, ಎಣ್ಣೆ ತುಂಬಿದ ಸಣ್ಣ ರೇಡಿಯೇಟರ್, 500 ವ್ಯಾಟಿಂದು, ಅದೂ ಪ್ಲಾಸ್ಟಿಕ್ ಕೋಣೆಲಿ, ಟೆಂಟಿಂದಲೂ ಹಾಳೆಯಿಂದಲೂ ಬೋರ್ಡಿಂದಲೂ ಒಂದೊಂದು ಮೀಟರ್ ದೂರ ಸಿಗೋ ಒಂದೇ ಒಂದು ಜಾಗ ಹುಡುಕಿ. ಟೆಂಟ್ ಒಳಗೆ ಕೆಂಪಗೆ ಕಾಯೋ ಹೀಟರ್ ಇಡೋದಕ್ಕೆ ನಾನು ಖಂಡಿತ ಒಪ್ಪಲ್ಲ, 4 ಅಡಿ ಟೆಂಟಲ್ಲಿ ಬಟ್ಟೆಯಿಂದ, ಎಲೆಯಿಂದ ಮೀಟರ್ ದೂರ ಇಡೋದು ಸಾಧ್ಯನೇ ಇಲ್ಲ, ಕೆಳಗೆ ನೀರು ಬೇರೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್, ಸೀಮೆಎಣ್ಣೆ ಹೀಟರ್ ಅಂತೂ ಬೇಡವೇ ಬೇಡ, ಮನುಷ್ಯರಿಗೆ ಕಾರ್ಬನ್ ಮಾನಾಕ್ಸೈಡ್, ಗಿಡಕ್ಕೆ ಎಥಿಲೀನ್ ಅನ್ನೋ ಅನಿಲ, ಟೊಮ್ಯಾಟೊ ಎಲೆಗಳು ಅದಕ್ಕೆ ಬೇಗ ಕೆಳಗೆ ಬಾಗ್ತವೆ, ಮೇಲಿಂದ ಉರಿದಷ್ಟೂ ನೀರಾವಿ ಬೇರೆ ಬಿಡತ್ತೆ.

ಹೀಟರ್ ಕೊಳ್ಳುವಾಗ ತಿರುಗಿಸೋ ಗುಂಡಿ ಇರೋದು ತಗೊಳಿ, ಡಿಜಿಟಲ್ ಬಟನ್ನಿಂದು ಬೇಡ. ಹೊರಗಿನ ಥರ್ಮೋಸ್ಟ್ಯಾಟ್ ಕರೆಂಟ್ ಕಟ್ ಮಾಡಿ ಮತ್ತೆ ಕೊಟ್ಟಾಗ ಗುಂಡಿ ಇರೋದು ತಾನಾಗೇ ಶುರು ಆಗತ್ತೆ, ಬಟನ್ ಇರೋದು ಬಹಳ ಸಲ ಸ್ಟ್ಯಾಂಡ್‌ಬೈಲೇ ಕೂತ್ಬಿಡತ್ತೆ, ನೀವು ಮಲಗಿರ್ತೀರ, ಗಿಡ ಚಳಿಲಿ. ಹೀಟರ್ ನೇರ ಗೋಡೆ ಸಾಕೆಟ್ಟಿಗೆ ಅಥವಾ ಅಲ್ಲೇ ಹಾಕಿದ ಥರ್ಮೋಸ್ಟ್ಯಾಟಿಗೆ ಹೋಗ್ಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗೆ ಅಲ್ಲ. ಥರ್ಮೋಸ್ಟ್ಯಾಟ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿರತ್ತೆ, ಬಹಳಷ್ಟು 10 ಆಂಪಿಯರ್ ಇರ್ತವೆ, 1500 ವ್ಯಾಟ್ ಹೀಟರ್ 230 ವೋಲ್ಟಲ್ಲಿ ಆರೂವರೆ ಆಂಪಿಯರ್ ಎಳ್ಕೊಂಡ್ರೆ 120 ವೋಲ್ಟ್ ಇರೋ ಕಡೆ ಹನ್ನೆರಡೂವರೆ ಎಳ್ಕೊಳತ್ತೆ, ಅಲ್ಲಿ ಆ ಥರ್ಮೋಸ್ಟ್ಯಾಟ್ ಸುಟ್ಟು ಹೋಗ್ಬಹುದು. ನೀರು ಕರೆಂಟ್ ಒಂದೇ ಜಾಗದಲ್ಲಿ ಇರೋದ್ರಿಂದ ಲೀಕೇಜ್ ಆದ್ರೆ ಟ್ರಿಪ್ ಆಗೋ ಬ್ರೇಕರ್ ಬೇಕೇ ಬೇಕು, ವೈರುಗಳು ಸಾಕೆಟ್ಟಿಗೆ ಹೋಗೋ ಮುಂಚೆ ಒಂದ್ಸಲ ಕೆಳಗೆ ಬಾಗಿ ಮೇಲೆ ಹೋಗ್ಬೇಕು, ವೈರ್ ಮೇಲೆ ಹರಿದ ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕಲಿ ಅಂತ.

ಸೆಟ್ಟಿಂಗಲ್ಲಿ ಒಂದು ವಿಷಯ ಗಮನಕ್ಕಿರ್ಲಿ. ಹೀಟರಿಗೆ ಒಂದು ಕಂಟ್ರೋಲರ್, ಫ್ಯಾನಿಗೆ ಇನ್ನೊಂದು, ಎರಡಕ್ಕೂ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಹೀಟರ್ 21ಕ್ಕೆ ನಿಲ್ಲತ್ತೆ, ಫ್ಯಾನ್ 22ಕ್ಕೆ ಜೋರಾಗತ್ತೆ ಅಂತ ಇಟ್ರೆ ರೇಡಿಯೇಟರ್ ಆಫ್ ಆದ್ಮೇಲೂ ಎಣ್ಣೆ ಬಿಸಿ ಇರೋದ್ರಿಂದ 22 ದಾಟತ್ತೆ, ಫ್ಯಾನ್ ಜೋರಾಗಿ ಎಲ್ಲ ಹೊರಗೆ ಹಾಕತ್ತೆ, ತಣ್ಣಗಾಗತ್ತೆ, ಮತ್ತೆ ಹೀಟರ್, ಇಡೀ ಚಳಿಗಾಲ ಇದೇ ಜಗಳ, ಮೀಟರ್ ಓಡ್ತಾ ಇರತ್ತೆ. ನಾವು ಹೀಟರ್ 17ಕ್ಕೆ ಶುರು 18ಕ್ಕೆ ಬಂದ್, ಫ್ಯಾನ್ ಜೋರಾಗೋದು 26ಕ್ಕೆ ಅಥವಾ ಹ್ಯುಮಿಡಿಟಿ 75 ದಾಟಿದ್ರೆ ಅಂತ ಇಟ್ವಿ. ಮಧ್ಯದ ಆ ಜಾಗದಲ್ಲಿ ಯಾರೂ ಏನೂ ಮಾಡಲ್ಲ, ಅದೇ ಸರಿ. ಥರ್ಮೋಸ್ಟ್ಯಾಟಿನ ಸೆನ್ಸರ್ ಟೆಂಟ್ ಒಳಗೆ ಗಿಡದ ಮಟ್ಟದಲ್ಲಿ, ಹೀಟರಿನ ಸ್ವಂತ ಗುಂಡಿನೂ ಪೂರ್ತಿ ಮ್ಯಾಕ್ಸಿಮಮ್‌ಗೆ ಇಟ್ಟಿಲ್ಲ, ಥರ್ಮೋಸ್ಟ್ಯಾಟ್ ಒಳಗಿನ ಸ್ವಿಚ್ (ರಿಲೇ) ಅಂಟ್ಕೊಂಡು ಆಫ್ ಆಗ್ದೇ ಇದ್ರೂ ಹೀಟರ್ ತಾನೇ ನಿಲ್ಲೋ ಹಾಗೆ ಮಧ್ಯಕ್ಕೆ ಇಟ್ಟಿದ್ದೀವಿ.

ಈಗ ಪರಿಸ್ಥಿತಿ ಹೀಗಿದೆ, ಲೈಟ್ ಇದ್ದಾಗ 21-22, ಕತ್ತಲಲ್ಲಿ 17-18, ಮಣ್ಣು 18ರ ಮೇಲೆ, ಗೋಡೆಲಿ ಹನಿ ಇಲ್ಲ. ಹೀಟರ್ ತೀರಾ ಚಳಿ ಇರೋ ದಿನ ಮಾತ್ರ ಹತ್ತತ್ತೆ. ಟೊಮ್ಯಾಟೊ ಹಳೇ ಎಲೆಗಳ ನೇರಳೆ ಹಾಗೇ ಉಳೀತು, ಹೊಸ ಎಲೆ ಹಸಿರಾಗೇ ಬರ್ತಿದೆ, ನೋಡ್ಬೇಕಾಗಿದ್ದೂ ಹೊಸ ಎಲೆನೇ. ಬೂಷ್ಟು ಬಂದ ಕಾಂಡಗಳನ್ನ ಕತ್ತರಿಸಿ ಹೊರಗೆ ಹಾಕಿದ್ವಿ, ಬೇರೆದಕ್ಕೆ ಹಬ್ಬಿಲ್ಲ. ಮೆಣಸಿನ ಬೀಜ ಹೊಸದಾಗಿ ಹಾಕಿದ್ದು ಮ್ಯಾಟ್ ಮೇಲೆ ಚೆನ್ನಾಗಿ ಮೊಳೆತಿದೆ. ಎಲ್‌ಇಡಿ ಕೆಳಗೆ ಎಲೆ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಿರತ್ತೆ, ಸೋಡಿಯಂ ಲೈಟಿನ ಹಾಗೆ ಎಲೆನ ನೇರ ಕಾಯಿಸೋ ಇನ್‌ಫ್ರಾರೆಡ್ ಇದ್ರಲ್ಲಿ ಅಷ್ಟಿಲ್ಲ, ಹಾಗಾಗಿ ಮೆಣಸಿನಗಿಡ ಹೂ ಬಿಡೋ ಹೊತ್ತಿಗೆ ಹಗಲಿನ ಕಾವನ್ನ 24-25ಕ್ಕೆ ಏರಿಸೋ ಯೋಚನೆ ಇದೆ, ಗಿಡ ದೊಡ್ಡದಾದಾಗ ಆವಿನೂ ಜಾಸ್ತಿ ಆಗಿ ಡಿಹ್ಯುಮಿಡಿಫೈಯರ್ ಜಾಸ್ತಿ ಓಡತ್ತೆ, ಅದ್ರಿಂದಲೇ ಅಷ್ಟು ಬರ್ಬಹುದು ಅನ್ನೋದು ನನ್ನ ಅಂದಾಜು.

ಸರಿಹೋಗ್ದೇ ಉಳಿದಿರೋದು ಒಂದು, ಗಾಳಿ ಒಳಗೆ ಬರೋ ಫ್ಲಾಪಿನ ಪಕ್ಕದ ಮೂಲೆ. ಅಲ್ಲಿ ಏನು ಮಾಡಿದ್ರೂ ಉಳಿದ ಜಾಗಕ್ಕಿಂತ ಮೂರ್ನಾಲ್ಕು ಡಿಗ್ರಿ ಕಮ್ಮಿನೇ. ಬೇಸಿಲ್ ಅಲ್ಲಿಟ್ಟಿದ್ರು, ಕಪ್ಪು ಕಲೆ ಬಿಡಲೇ ಇಲ್ಲ. ಈಗ ಬೇಸಿಲ್‌ನ ಮ್ಯಾಟಿನ ಹತ್ರ ಸರಿಸಿ, ಆ ಮೂಲೆಗೆ ಲೆಟಿಸ್ ಕುಂಡಗಳನ್ನ ಇಟ್ಟಿದ್ದೀವಿ. ಅದಕ್ಕೆ 15ರಿಂದ 18 ಇದ್ರೇನೇ ಇಷ್ಟ, ಬಿಸಿ ಜಾಸ್ತಿ ಆದ್ರೆ ಎಲೆ ಕಹಿಯಾಗಿ ಹೂಕಾಂಡ ಎದ್ದು ನಿಲ್ಲತ್ತೆ, ಈ ಮೂಲೆಲಿ ಆ ತೊಂದರೆ ಬರಲ್ಲ.